ಮನೆ ದಾರಿ ಮೇಲೆ ದರೆ ಜರಿದಿದೆ, ಮಿನಿ ಟ್ರಾಕ್ಟರ್‌ನಲ್ಲೇ ಮಣ್ಣು ಎಳೆಯಬಹುದಾ?

ದಣಪೆ (ಹೊಸನಗರ) · ಜುಲೈ 24, ಬೆಳಿಗ್ಗೆ 7:10

ಪುಷ್ಯ ಮಳೆ ಹಿಡಿದು ಇವತ್ತಿಗೆ ಐದನೇ ದಿನ. ಮೊನ್ನೆ ರಾತ್ರಿ ಗಾಳಿಯೂ ಸೇರಿಕೊಂಡಿತು. ಎರಡು ಗಂಟೆ ಹೊತ್ತಿಗೆ ಕೊಟ್ಟಿಗೆ ಆಚೆ ಲಾರಿಯಲ್ಲಿ ಜಲ್ಲಿ ಸುರಿದ ಹಾಗೆ ಸದ್ದಾಯಿತು. ನಾಯಿ ಬೊಗಳಲಿಲ್ಲ, ಕುಂಯ್‌ಗುಡುತ್ತಾ ಒಳಗೆ ಬಂತು. ಬೆಳಕು ಹರಿದ ಮೇಲೆ ನೋಡಿದರೆ ಮನೆಯಿಂದ ಟಾರ್ ರಸ್ತೆಗೆ ಹೋಗುವ ದಾರಿಯ ಮೇಲೆ ಪಕ್ಕದ ದರೆ (ಗುಡ್ಡ ಕಡಿದ ಮಣ್ಣಿನ ಗೋಡೆ) ಬಂದು ಕೂತಿದೆ. ಒಂದು ಹೊನ್ನೆ ಮರ ಬೇರು ಸಮೇತ ನಿಂತ ಹಾಗೆಯೇ ಕೆಳಗೆ ಜಾರಿದೆ, ಎಲೆ ಸಹ ಬಾಡಿಲ್ಲ.

ಉದ್ದ ಸುಮಾರು 20 ಅಡಿ, ಅಗಲ 10 ಅಡಿ, ಎತ್ತರ ಸರಾಸರಿ 3 ಅಡಿ. ದರೆ ಕಡೆ ಇನ್ನೂ ಜಾಸ್ತಿ, ತೋಟದ ಕಡೆ ಕಡಿಮೆ. ಕರೆಂಟ್ ಇಲ್ಲ. ಡೇರಿಗೆ ಹಾಲು ಹೋಗಿಲ್ಲ. ಜೆಸಿಬಿಯವರಿಗೆ ಫೋನ್ ಮಾಡಿದರೆ ಎಲ್ಲಾ ಗಾಡಿ ಘಾಟಿ ಕಡೆ ಹೋಗಿದೆ, ನಾಲ್ಕು ದಿನ ಬಿಟ್ಟು ನೋಡೋಣ ಅಂದರು.

ನಮ್ಮಲ್ಲಿ 24 ಎಚ್‌ಪಿ ಮಿನಿ ಟ್ರಾಕ್ಟರ್ ಇದೆ, ಫೋರ್ ವೀಲ್. ಹಿಂದೆ ಹಾಕುವ ಲೆವೆಲಿಂಗ್ ಬ್ಲೇಡ್ ಇದೆ, ಚಿಕ್ಕ ಟ್ರೇಲರ್ ಇದೆ. ಅಪ್ಪಯ್ಯ ಮುಟ್ಟಬೇಡ ಅಂತಿದ್ದಾರೆ. ನನಗೆ ಸುಮ್ನೆ ಕೂರಲು ಆಗ್ತಿಲ್ಲ. ಮಾಡಿದವರು ಇದ್ದರೆ ಹೇಳಿ.

ಕೊಪ್ಪೆಕಂಬಳಿ (ತೀರ್ಥಹಳ್ಳಿ) · 7:48

ಎಂತಕ್ಕೆ ಯೋಚನೆ ಅಣ್ಣ. ನಾನು ಹತ್ತು ವರ್ಷದಿಂದ ಟ್ರಾಕ್ಟರ್‌ನಲ್ಲೇ ಎಳೀತಾ ಇದ್ದೇನೆ. ಲೋ ಗೇರ್ ಹಾಕಿ, ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವ ಹಾಗೆ ಡಿಫ್ ಲಾಕ್ ಒತ್ತಿ, ಬ್ಲೇಡ್ ಇಳಿಸಿ ಹೊರಟರೆ ಆಯ್ತು. ಮರಕ್ಕೆ ಚೈನ್ ಕಟ್ಟಿ ಎಳೆದುಬಿಡಿ.

ದಣಪೆ · 7:55

ಅಣ್ಣ ಅಲ್ಲ, ಅಕ್ಕ. ಟ್ರಾಕ್ಟರ್ ಓಡಿಸೋದೂ ನಾನೇ.

ಕೊಪ್ಪೆಕಂಬಳಿ · 7:57

ಅಯ್ಯೋ, ತಪ್ಪಾಯ್ತು ಅಕ್ಕ. ಉಳಿದದ್ದೆಲ್ಲ ಅದೇ ಸೈ.

ಹಳೇ ಸ್ಪ್ಯಾನರ್ (ಸಾಗರ) · 8:30

ಉಳಿದದ್ದು ಅದೇ ಸೈ ಅಲ್ಲ ಮಾರಾಯ್ರೇ. 'ಚೈನ್ ಕಟ್ಟಿ ಎಳೆದುಬಿಡಿ' ಅನ್ನೋ ಮಾತಿಗೇ ನನಗೆ ಹೆದರಿಕೆ.

ನಾನು ಮೂವತ್ತು ವರ್ಷ ಟ್ರಾಕ್ಟರ್ ರಿಪೇರಿ ಮಾಡಿದವನು. ನಮ್ಮ ಸಂಬಂಧದಲ್ಲೇ ಒಬ್ಬರು ಬಿದ್ದ ಹಲಸಿನ ಮರಕ್ಕೆ ಚೈನ್ ಕಟ್ಟಿ, ಇನ್ನೊಂದು ತುದಿಯನ್ನು ಟ್ರಾಕ್ಟರ್ ಹಿಂದೆ ಮೇಲುಗಡೆ ಇರುವ ಟಾಪ್ ಲಿಂಕ್ ಪಿನ್ನಿಗೆ ಸಿಕ್ಕಿಸಿದರು. ಮರ ಅಲುಗಲಿಲ್ಲ. ಕ್ಲಚ್ ಬಿಟ್ಟರು. ಮುಂದಿನ ಚಕ್ರ ಎದ್ದದ್ದು ಕಂಡಿತು, ಬಿದ್ದದ್ದು ಕಾಣಲಿಲ್ಲ. ಅಷ್ಟು ಬೇಗ. ಟ್ರಾಕ್ಟರ್ ಹಿಂದಕ್ಕೆ ಮಗುಚಿ ಸ್ಟೇರಿಂಗ್ ಕೆಸರಲ್ಲಿ ಹೂತಿತ್ತು. ಆ ಜಾಗ ಮೆತ್ತಗೆ ಇದ್ದದ್ದಕ್ಕೆ ಬದುಕಿದರು, ಸೊಂಟ ಮಾತ್ರ ಇವತ್ತಿಗೂ ಸರಿಯಿಲ್ಲ.

ಕಾರಣ ಇಷ್ಟೆ. ಹಿಂದಿನ ಆ್ಯಕ್ಸಲ್‌ಗಿಂತ ಮೇಲೆ ಕಟ್ಟಿ ಎಳೆದರೆ, ಎಳೆತ ಟ್ರಾಕ್ಟರನ್ನು ಮುಂದೆ ಬಿಡೋದಿಲ್ಲ, ಆ್ಯಕ್ಸಲ್ ಸುತ್ತ ತಿರುಗಿಸುತ್ತದೆ. ಚೈನ್ ಯಾವತ್ತೂ ಕೆಳಗಿನ ಡ್ರಾಬಾರ್‌ಗೆ, ಅಂದರೆ ಎಳೆಯಲೆಂದೇ ಇರುವ ಕಬ್ಬಿಣದ ಪಟ್ಟಿಗೆ. ಎತ್ತರ ಬೇಕು ಅನಿಸಿದರೂ ಬೇಡ. ಮರವನ್ನು ಮೊದಲು ತುಂಡು ಮಾಡಿ, ಒಂದೊಂದೇ ತುಂಡು ಎಳೆಯಿರಿ.

ಅಕ್ಕ, ನಿಮ್ಮ ಗಾಡಿಗೆ ಎರಡು ಬ್ರೇಕ್ ಪೆಡಲ್ ಇರುತ್ತದಲ್ವಾ, ಎಡಕ್ಕೊಂದು ಬಲಕ್ಕೊಂದು. ತೋಟದಲ್ಲಿ ತಿರುಗಿಸಲು ಬಿಡಿಸಿ ಇಟ್ಟುಕೊಂಡಿರುತ್ತೀರಿ. ಇವತ್ತು ಕೊಂಡಿ ಹಾಕಿ ಎರಡನ್ನೂ ಒಂದು ಮಾಡಿ. ಜಾರುವ ಇಳಿಜಾರಲ್ಲಿ ಒಂದೇ ಚಕ್ರಕ್ಕೆ ಬ್ರೇಕ್ ಬಿದ್ದರೆ ಗಾಡಿ ಅಡ್ಡ ತಿರುಗಿ ತೋಟಕ್ಕೆ ಇಳಿಯುತ್ತದೆ. ಡಿಫ್ ಲಾಕ್ ನೇರ ಎಳೆಯುವಾಗ ಮಾತ್ರ. ಒತ್ತಿಕೊಂಡೇ ತಿರುಗಿಸಿದರೆ ಗಾಡಿ ಮಾತು ಕೇಳುವುದಿಲ್ಲ, ಒಳಗೆ ಹಲ್ಲು ಮುರಿದರೆ ಖರ್ಚು ಬೇರೆ.

ಬಫಲೋದ ಸಾಗರದವ · 9:05

ಓದುತ್ತಾ ನಗು ಬಂತು, ಕ್ಷಮಿಸಿ. ಇಲ್ಲಿ ನಾನು ಇದೇ ಕೆಲಸವನ್ನು ಹಿಮದಲ್ಲಿ ಮಾಡುತ್ತೇನೆ. ಊರು ಕಾರ್ಗಲ್ ಹತ್ತಿರ, ಈಗ ಇರುವುದು ನ್ಯೂಯಾರ್ಕ್ ರಾಜ್ಯದ ಬಫಲೋ ಪಟ್ಟಣದ ದಕ್ಷಿಣಕ್ಕೆ. ಮನೆಯಿಂದ ರಸ್ತೆಗೆ 80 ಮೀಟರ್ ಜಲ್ಲಿ ದಾರಿ. ನನ್ನದೂ 25 ಎಚ್‌ಪಿ ಟ್ರಾಕ್ಟರೇ.

ನಮ್ಮ ಘಟ್ಟ ಅರಬ್ಬಿ ಸಮುದ್ರದ ಗಾಳಿಯನ್ನು ಹಿಡಿದು ಹಿಂಡುತ್ತದಲ್ಲ, ಇಲ್ಲಿ ಆ ಸಮುದ್ರದ ಪಾತ್ರ ಈರಿ ಸರೋವರದ್ದು. ನೀರು ಇನ್ನೂ ಬೆಚ್ಚಗಿರುವಾಗ ಮೇಲಿಂದ ಕೊರೆಯುವ ಗಾಳಿ ಹಾಯುತ್ತದೆ. ತೇವ ಹೀರಿಕೊಂಡು ದಡ ದಾಟಿದ ಕೂಡಲೇ ಹಿಮವಾಗಿ ಸುರಿಯುತ್ತದೆ. 2022ರ ನವೆಂಬರ್‌ನಲ್ಲಿ ನಮ್ಮ ಕಡೆಯ ಕೆಲವು ಊರುಗಳಲ್ಲಿ ಮೂರು ನಾಲ್ಕು ದಿನದಲ್ಲಿ ಆರು ಅಡಿಗಿಂತ ಜಾಸ್ತಿ ಬಿತ್ತು. ಮುಂಬಾಗಿಲು ಒಳಗೆ ಎಳೆದರೆ ಎದುರಿಗೆ ಬಿಳಿ ಗೋಡೆ. ಬಾಗಿಲ ಚೌಕಟ್ಟಿನ ಕೆತ್ತನೆ, ಹಿಡಿ, ಬೀಗದ ತೂತು, ಎಲ್ಲಾ ಅದರ ಮೇಲೆ ಅಚ್ಚು ಬಿದ್ದಿತ್ತು. ಮಗಳು ಬೆರಳಿಟ್ಟು ಬೀಗದ ತೂತನ್ನು ದೊಡ್ಡದು ಮಾಡಿದಳು.

ನಾನು ಆಗ ಮಾಡಿದ ತಪ್ಪು, ಬಿರುಗಾಳಿ ನಿಲ್ಲಲಿ ಅಂತ ಕಾದದ್ದು. ಇಲ್ಲಿಯವರು ಅರ್ಧ ಅಡಿ ಬಿದ್ದಾಗಲೆಲ್ಲ ಒಂದು ಸಲ ತಳ್ಳಿ ಬರುತ್ತಾರೆ. ಆರು ಅಡಿ ಆದ ಮೇಲೆ ತಳ್ಳುವುದು ಅನ್ನುವ ಮಾತೇ ಇಲ್ಲ. ಮುಂದಿನ ಬಕೆಟ್‌ನಲ್ಲಿ ಮೇಲಿನಿಂದ ಪದರ ಪದರವಾಗಿ ಎತ್ತಬೇಕು, ಹಿಂದೆ ಹೋಗಬೇಕು, ಸುರಿಯಬೇಕು. ಎರಡು ದಿನ ಹಿಡಿಯಿತು.

ಇಲ್ಲಿ ಕಲಿತದ್ದು ಕೆಲವು. ಬಕೆಟ್ ತುಂಬಿದಾಗ ಹಿಂದಿನ ಚಕ್ರ ಹಗುರಾಗುತ್ತದೆ, ಹಾಗಾಗಿ ಹಿಂದೆ ಭಾರ ಬೇಕು. ಬಕೆಟ್ಟನ್ನು ನೆಲಕ್ಕೆ ಹತ್ತಿರ ಹಿಡಿದೇ ಓಡಾಡಬೇಕು. ಜಾರದ ಹಾಗೆ ಚಕ್ರಕ್ಕೆ ಚೈನ್ ಸುತ್ತಬೇಕು. ಬ್ಲೇಡ್ ಕೆಳಗೆ ಎರಡು ಕಬ್ಬಿಣದ ಪಾದ ಇರುತ್ತದೆ, ಒಂದು ಇಂಚು ಎತ್ತರಿಸಿ ಇಟ್ಟರೆ ಜಲ್ಲಿ ಕಿತ್ತು ಬರೋದಿಲ್ಲ. ಎಲ್ಲಕ್ಕಿಂತ ಮೊದಲು ಮನೆಯ ಹೀಟರ್ ಹೊಗೆ ಹೋಗುವ ಪೈಪ್ ಮುಂದಿನ ಹಿಮ ಕೈಯಲ್ಲೇ ತೆಗೆಯಬೇಕು. ಅದು ಮುಚ್ಚಿಕೊಂಡರೆ ವಿಷದ ಗಾಳಿ ಒಳಗೇ ತುಂಬಿ ಮಲಗಿದವರು ಏಳುವುದಿಲ್ಲ. ಇದೇ ಕಾರಣಕ್ಕೆ ಶೆಡ್ ಬಾಗಿಲು ಹಾಕಿಕೊಂಡು ಟ್ರಾಕ್ಟರ್ ಬಿಸಿ ಮಾಡುವುದೂ ಕೂಡದು.

ಹಳೇ ಸ್ಪ್ಯಾನರ್ · 9:20

ಟೈರಿಗೆ ನೀರು ತುಂಬಿಸ್ತೀರಾ ಅಲ್ಲಿ? ಇಲ್ಲಿ ನಾವು ಗದ್ದೆಗೆ ಇಳಿಸುವ ಗಾಡಿಗೆ ಭಾರ ಬೇಕು ಅಂತ ಮುಕ್ಕಾಲು ಪಾಲು ನೀರು ಹಾಕುತ್ತೇವೆ.

ಬಫಲೋದ ಸಾಗರದವ · 9:26

ಬರೀ ನೀರು ಹಾಕಿದರೆ ಒಳಗೇ ಕಲ್ಲಾಗುತ್ತದೆ. ಕೆಲವರು ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ ಹಾಕುತ್ತಾರೆ, ಆದರೆ ಅದು ರಿಮ್ ತಿನ್ನುತ್ತದೆ. ನನ್ನ ಟೈರಿನಲ್ಲಿ ಇರುವುದು ಬೀಟ್‌ರೂಟ್ ಜಾತಿಯ ಸಕ್ಕರೆ ಗಡ್ಡೆಯ ರಸ. ಸಕ್ಕರೆ ತೆಗೆದ ಮೇಲೆ ಉಳಿದದ್ದು. ಹೆಪ್ಪುಗಟ್ಟುವುದಿಲ್ಲ, ತುಕ್ಕೂ ಹಿಡಿಸುವುದಿಲ್ಲ. ಅಮ್ಮನಿಗೆ ಹೇಳಿದಾಗ 'ಟ್ರಾಕ್ಟರಿಗೆ ಪಾನಕ ಕುಡಿಸ್ತೀಯನಾ' ಅಂದಿದ್ದರು.

ಉಂಬಳ (ಆಗುಂಬೆ) · 10:02

ಹಿಮದವರಿಗೆ ಒಂದು ಲೆಕ್ಕ ಕೇಳಬೇಕು. ನಮ್ಮೂರಲ್ಲಿ 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿ.ಮೀ. ಮಳೆ ದಾಖಲಾಗಿದೆ ಅಂತಾರಲ್ಲ. ಅದೇ ಹಿಮ ಆಗಿದ್ದರೆ?

ಬಫಲೋದ ಸಾಗರದವ · 10:11

ಹೊಸ ಹಿಮ ಹತ್ತು ಇಂಚು ಕರಗಿದರೆ ಒಂದು ಇಂಚು ನೀರು, ಇದು ಇಲ್ಲಿಯ ಬಾಯಿಲೆಕ್ಕ. ಆ ಪ್ರಕಾರ ನಿಮ್ಮದು 45 ಮೀಟರ್ ಹಿಮ. ಹದಿನೈದು ಅಂತಸ್ತಿನ ಕಟ್ಟಡ ಮುಳುಗುತ್ತದೆ. ನನ್ನ ಟ್ರಾಕ್ಟರ್ ಕಳಿಸೋದಿಲ್ಲ.

ಶರಾವತಿ ಹಿನ್ನೀರು · 11:40

ತಮಾಷೆ ಇರಲಿ. ದಣಪೆ ಅಕ್ಕನ ಅಪ್ಪಯ್ಯ ಹೇಳಿದ್ದೇ ಸರಿ ಅಂತ ನನ್ನ ಅಭಿಪ್ರಾಯ. ಸ್ವಲ್ಪ ಉದ್ದ ಬರೀತೇನೆ, ಕರೆಂಟ್ ಬಂದಾಗ ಓದಿಕೊಳ್ಳಿ.

ಮೊದಲು ತೂಕ. ನೀವು ಹೇಳಿದ ಅಳತೆ 600 ಘನ ಅಡಿ, ಅಂದರೆ ಸುಮಾರು 17 ಘನ ಮೀಟರ್. ನೆನೆದ ಮಣ್ಣು ಘನ ಮೀಟರಿಗೆ 1,800 ಕೆ.ಜಿ. ಹಿಡಿದರೂ 30 ಟನ್ ದಾಟುತ್ತದೆ. ಅಷ್ಟೇ ಜಾಗದ ಹೊಸ ಹಿಮ ಎರಡು ಟನ್ ಸಹ ಬರೋದಿಲ್ಲ. ನಿಮ್ಮ ಚಿಕ್ಕ ಟ್ರೇಲರ್‌ಗೆ ಒಂದೂವರೆ ಟನ್ ಹಾಕಿದರೆ ಇಪ್ಪತ್ತು ಸಲ ಹೋಗಿ ಬರಬೇಕು, ತುಂಬಿಸುವುದು ಗುದ್ದಲಿ ಬಾಂಡ್ಲಿಯಲ್ಲಿ.

ತೂಕ ಆದರೂ ಹೇಗೋ ಆದೀತು. ನಿಜವಾದ ವ್ಯತ್ಯಾಸ ಬೇರೆ. ಹಿಮದ ಬೆನ್ನಿಗೆ ಗುಡ್ಡ ಇರಲ್ಲ. ಬಿದ್ದ ಹಿಮ ಬಿದ್ದಲ್ಲೇ ಇರುತ್ತದೆ, ಎತ್ತಿ ಹಾಕಿದರೆ ಮುಗೀತು. ನಿಮ್ಮ ದಾರಿಯಲ್ಲಿ ಕೂತ ಮಣ್ಣು ಈಗ ಮೇಲಿನ ದರೆಗೆ ಕಾಲು ಕೊಟ್ಟು ನಿಂತಿದೆ. ಬುಡದಿಂದ ಅದನ್ನು ಎಳೆದರೆ ಮೇಲಿನದು ಕೆಳಗೆ ಬರುತ್ತದೆ. ಅದೂ ನೀವು ಸೀಟ್ ಮೇಲೆ ಕೂತು, ಹಿಂದೆ ತಿರುಗಿ ಬ್ಲೇಡ್ ನೋಡುತ್ತಾ ಇರುವಾಗ. ಎಂಜಿನ್ ಸದ್ದಿಗೆ ಏನೂ ಕೇಳೋದಿಲ್ಲ.

ನಮ್ಮ ಮನೆಯಲ್ಲಿ 2019ರ ಆಗಸ್ಟ್ ಮಳೆಯಲ್ಲಿ ಆದದ್ದು ಇದೇ. ಬಿದ್ದದ್ದು ಒಂದು ಟ್ರೇಲರ್ ಮಣ್ಣು. ಮಳೆಯಲ್ಲೇ ತೆಗೆದೆವು, ಬೆನ್ನು ತಟ್ಟಿಕೊಂಡು ಕಾಫಿ ಕುಡಿಯಲು ಒಳಗೆ ಹೋದೆವು. ಲೋಟ ಕೆಳಗಿಡುವ ಮುಂಚೆ ಹತ್ತು ಟ್ರೇಲರ್ ಬಂತು. ಆ ಕಾಫಿ ಬಿಸಿ ಇದ್ದದ್ದಕ್ಕೆ, ನಿಧಾನ ಕುಡಿದದ್ದಕ್ಕೆ, ಇವತ್ತು ಇದನ್ನು ಬರೀತಾ ಇದ್ದೇನೆ.

ಹಾಗಾದರೆ ಈಗ ಮಾಡಬೇಕಾದ್ದು ಎಂತ? ಟ್ರಾಕ್ಟರ್ ಶೆಡ್ಡಲ್ಲೇ ಇರಲಿ. ಗುದ್ದಲಿ ತಗೊಂಡು ಸುತ್ತು ಹಾಕಿ ದರೆಯ ಮೇಲಕ್ಕೆ ಹೋಗಿ, ಜರಿದ ಅಂಚಿನಿಂದ ದೂರ ನಿಂತು ನೋಡಿ. ಹಳೆಯವರು ತೋಡಿದ ಅಗಳು (ನೀರು ಹೋಗುವ ಕಂದಕ) ಇದೆಯಾ? ಅದರಲ್ಲಿ ದರಗು (ಒಣಗಿದ ಎಲೆ) ತುಂಬಿ ನೀರು ಉಕ್ಕಿ ದರೆಗೇ ಇಳಿಯುತ್ತಿದೆಯಾ? ನೂರಕ್ಕೆ ಎಂಬತ್ತು ಸಲ ಅಲ್ಲೇ ಇರುತ್ತದೆ ಕಾಯಿಲೆ (ಇದು ನನ್ನ ಅಂದಾಜು, ಯಾರದ್ದೂ ಲೆಕ್ಕ ಅಲ್ಲ). ನೀರನ್ನು ಬೇರೆ ಕಡೆ ತಿರುಗಿಸಿ. ನೆಲದಲ್ಲಿ ಬಿರುಕು ಕಂಡರೆ ಜೇಡಿ ಮಣ್ಣು ತುಂಬಿ ತುಳಿದು ಮೇಲೆ ಟಾರ್ಪಾಲು ಹೊದಿಸಿ. ಬಿರುಕು ದಿನ ದಿನಕ್ಕೆ ಅಗಲ ಆಗುತ್ತಿದ್ದರೆ, ಮರ ವಾಲುತ್ತಿದ್ದರೆ, ದರೆ ಬುಡದಿಂದ ಒಮ್ಮೆಲೇ ಕೆಂಪು ನೀರು ಬರುತ್ತಿದ್ದರೆ ದನ ಬಿಚ್ಚಿಕೊಂಡು ಮನೆ ಬಿಡಿ. ದಾರಿ ಆಮೇಲೆ ನೋಡಿದರಾಯ್ತು.

ಇನ್ನೊಂದು ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. ಆ ದರೆಯನ್ನು ಇತ್ತೀಚೆಗೆ ಕಡಿಸಿದ್ದೀರಾ?

ದಣಪೆ · ಸಂಜೆ 6:20

ಮೇಲೆ ಹೋಗಿ ಬಂದೆ. ಕಾಲಿಗೆ ಹನ್ನೊಂದು ಉಂಬಳ (ಜಿಗಣೆ), ಲೆಕ್ಕ ಹಾಕಿದ್ದೇನೆ.

ಹೌದು, ಕಡಿಸಿದ್ದೆವು. ಎರಡು ವರ್ಷದ ಹಿಂದೆ ಕಾರು ತಿರುಗಿಸಲು ಜಾಗ ಸಾಲದು ಅಂತ ಜೆಸಿಬಿ ತರಿಸಿ ನೆಟ್ಟಗೆ ಗೋಡೆ ಹಾಗೆ ಕಡಿಸಿದೆ. ಆಗ ಅಪ್ಪಯ್ಯ ಮೆಟ್ಟಿಲು ಮೆಟ್ಟಿಲಾಗಿ ತೆಗೆಸು ಅಂದಿದ್ದರು. ಗಂಟೆ ಲೆಕ್ಕ ಜಾಸ್ತಿ ಆಗುತ್ತದೆ ಅಂತ ನಾನೇ ಬೇಡ ಅಂದದ್ದು. ಅಗಳಿನ ವಿಷಯವೂ ನೀವು ಹೇಳಿದ ಹಾಗೇ. ಪೂರಾ ದರಗು. ಅದರ ಮೇಲೆ ಒಂದು ಕೊಂಬೆ ಬಿದ್ದು ಕಟ್ಟೆ ಕಟ್ಟಿದ ಹಾಗಾಗಿ ನೀರು ನೇರ ಕೆಳಗೆ ಸುರೀತಿತ್ತು. ಕೊಂಬೆ ಎಳೆದು ಹಾಕಿದಾಗ ಅಗಳಿನಲ್ಲಿ ನೀರು ಗುಳುಗುಳು ಅಂತ ಹೊರಟ ಸದ್ದು ಕೇಳಿ ಅಳು ಬಂದ ಹಾಗಾಯ್ತು. ಎರಡು ನಿಮಿಷದ ಕೆಲಸ. ಮೇ ತಿಂಗಳಲ್ಲಿ ಮಾಡಬೇಕಿತ್ತು.

ಹಾಲನ್ನು ತೋಟದೊಳಗಿನ ಸಂಕದ (ಕಾಲುಸೇತುವೆಯ) ಮೇಲೆ ಹೊತ್ತುಕೊಂಡು ಹೋಗಿ ಕೊಟ್ಟೆವು. ಟ್ರಾಕ್ಟರ್ ಮುಟ್ಟಿಲ್ಲ.

ಕೊಪ್ಪೆಕಂಬಳಿ · 6:45

ಹಿನ್ನೀರಿನವರು ಹೇಳಿದ್ದು ಒಪ್ಪಿದೆ. ನಾನು ಎಳೆದದ್ದೆಲ್ಲ ಎದೆಮಟ್ಟದ ದರೆ. ಇಷ್ಟು ಎತ್ತರದ್ದು ಅಲ್ಲ. ಮೊದಲು ಕೇಳಬೇಕಿತ್ತು.

ಉಂಬಳ · 7:02

ಕರೆಂಟ್ ಲೈನ್ ಎಲ್ಲಾದರೂ ಮಣ್ಣಿನಡಿ ಸಿಕ್ಕಿದೆಯಾ ನೋಡಿದ್ರಾ? ಕರೆಂಟ್ ಇಲ್ಲ ಅಂತ ತಂತಿ ಮುಟ್ಟಬೇಡಿ. ಯಾವಾಗ ಬಿಡ್ತಾರೋ ಗೊತ್ತಾಗಲ್ಲ. 1912ಕ್ಕೆ ಫೋನ್ ಮಾಡಿ ಹೇಳಿ. ಹನ್ನೊಂದು ಕಡಿಮೆ ಆಯ್ತು, ನಾನು ಬಂದಿದ್ದರೆ ಹನ್ನೆರಡು.

ದಣಪೆ · ಜುಲೈ 26, ಬೆಳಿಗ್ಗೆ 6:30

ರಾತ್ರಿ ಮತ್ತೆ ಬಂತು. ಮೊದಲಿನ ಅರ್ಧದಷ್ಟು. ನಿನ್ನೆ ಮಧ್ಯಾಹ್ನ ಸ್ವಲ್ಪ ಹೊಳವಾದಾಗ ಕೈ ತುರಿಸಿ ಟ್ರಾಕ್ಟರ್ ಹತ್ತಿರ ಹೋಗಿ ನಿಂತಿದ್ದೆ. ಅಪ್ಪಯ್ಯ ಏನೂ ಹೇಳದೆ ಕೀಲಿ ತೆಗೆದು ತನ್ನ ಎಲೆ ಅಡಿಕೆ ಚೀಲಕ್ಕೆ ಹಾಕಿಕೊಂಡರು. ಅಷ್ಟೇ.

ಬಫಲೋದ ಸಾಗರದವ · 8:15

ಅಬ್ಬ. ಆ ಕೀಲಿ ಇನ್ನೊಂದೆರಡು ದಿನ ಚೀಲದಲ್ಲೇ ಇರಲಿ.

ಹಳೇ ಸ್ಪ್ಯಾನರ್ · ಜುಲೈ 28

ಮಳೆ ಬಿಟ್ಟಿದೆ ಅಲ್ವಾ ಆ ಕಡೆ? ಎರಡು ದಿನ ಒಣಗಿದ್ದರೆ ಈಗ ಶುರು ಮಾಡಬಹುದು. ಪೂರಾ ದಾರಿ ಬಿಡಿಸುವ ಆಸೆ ಬೇಡ. ತೋಟದ ಅಂಚಿನಲ್ಲಿ ಬರೀ ಗಾಡಿ ಹಿಡಿಯುವಷ್ಟು ಪಟ್ಟಿ ಬಿಡಿಸಿ. ದರೆ ಕಡೆಯ ಮಣ್ಣು ಹಾಗೇ ಒರಗಿಕೊಂಡಿರಲಿ, ಮಳೆಗಾಲ ಮುಗಿಯುವವರೆಗೂ.

ಬ್ಲೇಡ್ ಒಮ್ಮೆಲೇ ಆಳಕ್ಕೆ ಇಳಿಸಬೇಡಿ. ನಾಲ್ಕು ಬೆರಳು ದಪ್ಪ ಸವರಿ, ಎಳೆದು, ಎತ್ತಿ, ವಾಪಸ್. ಬ್ಲೇಡನ್ನು ಸ್ವಲ್ಪ ಓರೆ ಮಾಡಿ ಕಟ್ಟಿದರೆ ಮಣ್ಣು ಒಂದು ಕಡೆ ಹೊರಳುತ್ತದೆ. ಅಂಟು ಮಣ್ಣು ಬ್ಲೇಡಿಗೆ ಮೆತ್ತಿಕೊಂಡು ಮುದ್ದೆ ಆಗುತ್ತದೆ, ಹಾರೆಯಲ್ಲಿ ಆಗಾಗ ಕೆರೆಯಬೇಕು. ಕೆರೆಯುವಾಗ ಎಂಜಿನ್ ಬಂದ್, ಬ್ಲೇಡ್ ನೆಲದ ಮೇಲೆ. ದಾರಿಯ ಹೊರ ಅಂಚು ನೀರು ಕುಡಿದು ಮೆತ್ತಗಾಗಿರುತ್ತದೆ, ಚಕ್ರ ಅಂಚಿನಿಂದ ಮೂರಡಿ ಒಳಗಿರಲಿ. ಮೇಲೆ ನೋಡಲು ಒಬ್ಬರು ನಿಲ್ಲಲಿ, ಕೈಯಲ್ಲಿ ಸೀಟಿ. ಚಿಕ್ಕ ಕಲ್ಲು ಉರುಳಿದರೂ ಊದಬೇಕು.

ಶರಾವತಿ ಹಿನ್ನೀರು · ಜುಲೈ 28

ತೆಗೆದ ಮಣ್ಣು ಹತ್ತಿರ ಅಂತ ತೋಟಕ್ಕೆ ತಳ್ಳಬೇಡಿ. ಕಪ್ಪು (ತೋಟದ ಬಸಿಗಾಲುವೆ) ಮುಚ್ಚಿ ನೀರು ನಿಂತರೆ ಅಡಿಕೆ ಬೇರು ಕೊಳೆಯುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುತ್ತಿಲ್ಲ ಅಂತ ಅಳುತ್ತಿರುವಾಗ ಇದೊಂದು ಬೇಡ. ಹಿಮದವರ ಪುಣ್ಯ, ಅವರದ್ದು ಚೈತ್ರ ಬಂದರೆ ತಾನೇ ಕರಗಿ ಹೋಗುತ್ತದೆ. ನಮ್ಮದನ್ನು ಎಲ್ಲಿಟ್ಟೆವೋ ಅಲ್ಲೇ ಮೊಮ್ಮಕ್ಕಳೂ ನೋಡಬೇಕು.

ಸಮತಟ್ಟು ಜಾಗದಲ್ಲಿ ರಾಶಿ ಹಾಕಿ. ಬೇಸಗೆಯಲ್ಲಿ ದುಡ್ಡು ಕೊಟ್ಟು ತೋಟಕ್ಕೆ ಹೊಸ ಮಣ್ಣು ಹೊರಿಸ್ತೇವಲ್ಲ, ಆಗ ಇದೇ ಆಗುತ್ತದೆ.

ದಣಪೆ · ಜುಲೈ 30, ರಾತ್ರಿ 9:00

ದಾರಿ ಆಯ್ತು. ಏಳಡಿ ಅಗಲದ ಪಟ್ಟಿ. ಎರಡು ದಿನ, ಒಟ್ಟು ಒಂಬತ್ತು ಗಂಟೆ. ಅಪ್ಪಯ್ಯ ಕೊಡೆ ಹಿಡಿದು, ಮಗನ ಸ್ಕೂಲಿನ ಸೀಟಿ ಬಾಯಲ್ಲಿಟ್ಟುಕೊಂಡು ಎದುರು ದಿಬ್ಬದ ಮೇಲೆ ಸ್ಟೂಲ್ ಹಾಕಿ ಕೂತಿದ್ದರು. ನಾಲ್ಕು ಸಲ ಊದಿದರು. ಮೂರು ಸಲ ಕಲ್ಲಿಗೆ, ಒಂದು ಸಲ ಚಹಾಕ್ಕೆ.

ಹೊನ್ನೆ ಮರವನ್ನು ವುಡ್ ಕಟರ್‌ನವರು ಬಂದು ಆರು ತುಂಡು ಮಾಡಿದರು. ಡ್ರಾಬಾರ್‌ಗೇ ಕಟ್ಟಿ ಎಳೆದೆ. ದೊಡ್ಡ ತುಂಡಿಗೆ ಮುಂದಿನ ಚಕ್ರ ಒಂದು ಸಲ ಹಗುರ ಆದ ಹಾಗನಿಸಿತು, ಕೂಡಲೇ ಕ್ಲಚ್ ಒತ್ತಿದೆ. ಸ್ಪ್ಯಾನರ್ ಅಣ್ಣ, ನಿಮ್ಮ ನೆನಪಾಯಿತು.

ಮುಗೀತು ಅಂದುಕೊಂಡು ಇವತ್ತು ಬೆಳಿಗ್ಗೆ ಹಾಲು ತಗೊಂಡು ಹೋದರೆ ಉಣುಗೋಲಿನ (ದಾರಿಗೆ ಅಡ್ಡ ಗಳ ಹಾಕಿದ ಗೇಟಿನ) ಬಾಯಿಗೆ ಸರಿಯಾಗಿ ಎರಡಾಳು ಎತ್ತರ ಮಣ್ಣಿನ ರಾಶಿ! ಟಾರ್ ರಸ್ತೆ ಬಿಡಿಸಲು ಬಂದ ಜೆಸಿಬಿ ರಸ್ತೆಯದ್ದನ್ನೆಲ್ಲ ತಂದು ನಮ್ಮ ದಾರಿ ಬಾಯಿಗೆ ಒತ್ತಿ ಹೋಗಿದೆ. ಕೇಳಿದರೆ ಇನ್ನೆಲ್ಲಿ ಹಾಕೋದು ಅಂದರು.

ಬಫಲೋದ ಸಾಗರದವ · 9:14

ಇದೊಂದರಲ್ಲಿ ಜಗತ್ತೆಲ್ಲ ಒಂದೇ ಅಕ್ಕ! ಇಲ್ಲಿಯೂ ನಾನು ದಾರಿ ಗುಡಿಸಿದ ಹಾಗೆ ಬಿಡಿಸಿ ಒಳಗೆ ಬಂದು ಬೂಟ್ಸ್ ಬಿಚ್ಚುವಾಗ ರಸ್ತೆಯ ಹಿಮದ ಗಾಡಿ ಬರುತ್ತದೆ. ಸರ್ರ್ ಅಂತ ಹೋಗುತ್ತದೆ. ದಾರಿ ಬಾಯಲ್ಲಿ ಮೂರಡಿ ಒಡ್ಡು. ಅದು ಹೊಸ ಹಿಮದ ಹಾಗೆ ಹಗುರ ಅಲ್ಲ, ಒತ್ತಿ ಒತ್ತಿ ಗಟ್ಟಿಯಾದದ್ದು, ಉಪ್ಪು ಕೊಳೆ ಸೇರಿದ್ದು. ರಾತ್ರಿ ಬಿಟ್ಟರೆ ಬೆಳಿಗ್ಗೆ ಕಲ್ಲು. ಹಾಗಾಗಿ ಬೂಟ್ಸ್ ಪುನಃ ಹಾಕಿಕೊಂಡು ಅವತ್ತೇ ತೆಗೆಯಬೇಕು. ಈಗೀಗ ನಾನು ದಾರಿ ಬಾಯಿಯ ಪಕ್ಕ, ಗಾಡಿ ಬರುವ ದಿಕ್ಕಿನಲ್ಲಿ, ರಸ್ತೆ ಅಂಚಿನ ಹಿಮವನ್ನು ಮೊದಲೇ ಎತ್ತಿ ಒಂದು ಖಾಲಿ ಗೂಡು ಮಾಡಿ ಇಟ್ಟಿರುತ್ತೇನೆ. ಗಾಡಿಯ ಬ್ಲೇಡಿನಲ್ಲಿದ್ದದ್ದು ಅಲ್ಲಿ ಉದುರಿ, ನನ್ನ ಬಾಯಿಗೆ ಕಡಿಮೆ ಬರುತ್ತದೆ.

ದಣಪೆ · 9:31

ಮುಂದಿನ ವರ್ಷ ನೆನಪಿಟ್ಟುಕೊಳ್ಳುತ್ತೇನೆ. ಈ ರಾಶಿಯನ್ನು ನಾಳೆ ಹಲಸಿನ ಮರದ ಆಚೆ ಹೊಡೀತೇನೆ, ತೋಟಕ್ಕೆ ಆಗುತ್ತದೆ. ಬಿಟ್ಟಿ ಮಣ್ಣು.

ಹಿನ್ನೀರಿನವರೇ, ದರೆ ಮೇಲೆ ಹಾಕಲು ಲಾವಂಚ ಒಳ್ಳೇದು ಅಂತಾರಲ್ಲ, ಬೇರು ಆಳಕ್ಕೆ ಇಳಿಯುತ್ತದಂತೆ. ನಿಮ್ಮಲ್ಲಿ ಬುಡ ಸಿಗುತ್ತದಾ?

ಶರಾವತಿ ಹಿನ್ನೀರು · 9:50

ಎರಡು ಚೀಲ ಕೊಡ್ತೇನೆ. ಮಳೆ ಇರುವಾಗಲೇ ನೆಡಬೇಕು, ಬೇರು ಹಿಡಿಯುತ್ತದೆ. ಅಡ್ಡಕ್ಕೆ ಸಾಲು ಮಾಡಿ, ಗೇಣು ಬಿಟ್ಟು ಗೇಣಿಗೆ ಒಂದು. ಈಗಲೇ ದರೆ ಮೇಲೆ ಹತ್ತಬೇಡಿ, ಮೇಲಿನ ಅಗಳಿನ ಏರಿಗೆ ನೆಟ್ಟು ಇಟ್ಟುಕೊಳ್ಳಿ. ಬೇಸಗೆಯಲ್ಲಿ ದರೆಯನ್ನು ಮೆಟ್ಟಿಲು ಮಾಡಿಸಿ. ಮುಂದಿನ ಜೂನಿಗೆ ಅಲ್ಲಿಂದಲೇ ಕಿತ್ತು ಕೆಳಗೆ ಹಾಕಬಹುದು. ಭಾನುವಾರ ನಗರದ ಸಂತೆ ಕಡೆ ಬರುವವರಿದ್ದರೆ ಹೇಳಿ, ಕೊಟ್ಟು ಕಳಿಸುತ್ತೇನೆ.

ಉಂಬಳ · 10:05

ಬಫಲೋ ಅಣ್ಣ, ಈಗ ಅಲ್ಲಿ ಎಂತ? ಈಗಲೂ ಹಿಮವಾ?

ಬಫಲೋದ ಸಾಗರದವ · 10:08

ಇಲ್ಲ ಮಾರಾಯ. ಬಿಸಿಲು, 30 ಡಿಗ್ರಿ. ಅದೇ ಟ್ರಾಕ್ಟರ್‌ಗೆ ಹುಲ್ಲು ಕತ್ತರಿಸುವ ಮೆಷಿನ್ ಸಿಕ್ಕಿಸಿದ್ದೇನೆ. ಟೈರಿನಲ್ಲಿ ಪಾನಕ ಇನ್ನೂ ಇದೆ.